ಚರ್ಮ ನಕ್ಕರೆ

ನನ್ನ ಕೈ ನೋಡಿ ಹೋಟೆಲಿನವರು ನನ್ನ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿದರು. ಮಾಡಿ ಸುಮ್ಮನಿರಲಿಲ್ಲ, ಅದನ್ನೊಂದು ಕಾಗದದ ಮೇಲೆ ಅಚ್ಚು ಹಾಕಿಸಿ ಕೆಳಗೆ ಸಹಿ ಮಾಡು ಅಂದರು. ಆ ಕಾಗದದ ಕಥೆ ಹೇಳುತ್ತೇನೆ. ಕೇಳುವವರು ಕೇಳಿ, ಬೇಡವಾದವರು ನಾಲ್ಕನೇ ಮಹಡಿಗೆ ಹೋಗಿ ಮೈ ತಿಕ್ಕಿಸಿಕೊಳ್ಳಿ.

ನಾಲ್ಕನೇ ಮಹಡಿಯಲ್ಲಿ ಸ್ಪಾ ಇದೆ. ದುಡ್ಡಿರುವವರು ಅಲ್ಲಿ ಬರಿಮೈಯಲ್ಲಿ ಬೋರಲು ಬಿದ್ದುಕೊಳ್ಳುತ್ತಾರೆ, ಬೇರೆಯವರು ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತಾರೆ, ಮುಖಕ್ಕೆ ಮಣ್ಣು ಮೆತ್ತುತ್ತಾರೆ. ನಮ್ಮ ಮುಖಕ್ಕೆ ಮಣ್ಣು ಮೆತ್ತಿಕೊಂಡರೆ ‘ಮುಖ ತೊಳ್ಕೊಂಡು ಬಾ’ ಅನ್ನುತ್ತಾರೆ. ಅವರಿಗೆ ಮೆತ್ತಿದರೆ ಅದು ಚಿಕಿತ್ಸೆ. ಲಿಫ್ಟಿನ ಪಕ್ಕ ಒಂದು ಗಾಜಿನ ಹಲಗೆ: ‘ಚರ್ಮ ನಕ್ಕರೆ ಮನಸ್ಸು ನಗುತ್ತದೆ.’ ಕೆಳಗೆ ಹಲ್ಲು ಬಿಟ್ಟುಕೊಂಡ ಒಬ್ಬ ಹೆಂಗಸಿನ ಚಿತ್ರ. ಅವಳ ಮೈಮೇಲೆ ಒಂದು ಮಚ್ಚೆ ಇಲ್ಲ, ಒಂದು ಸುಟ್ಟ ಗಾಯವಿಲ್ಲ. ಒಂದು ದಿನವಾದರೂ ಒಲೆ ಮುಂದೆ ನಿಂತವಳಲ್ಲ ಬಿಡಿ.

ನಾನು ಅದೇ ಕಟ್ಟಡದ ನೆಲದಡಿಯ ಲಾಂಡ್ರಿಯಲ್ಲಿದ್ದೆ. ಕಿಟಕಿ ಇಲ್ಲದ ಉದ್ದನೆಯ ಕೋಣೆ, ಎಂಟು ಯಂತ್ರ, ಐದು ಹೆಂಗಸರು, ಉಸಿರು ಕಟ್ಟುವ ಹಬೆ. ನನ್ನದು ಕಲೆ ತೆಗೆಯುವ ಕೆಲಸ. ಹೊಸದಾಗಿ ಬಂದ ಗೇಟಿನ ಕಾವಲಿನವನು ‘ಏನ್ ಕೆಲ್ಸ ಅಕ್ಕಾ?’ ಅಂದಾಗ ‘ಕಲೆ ವಿಭಾಗ’ ಅಂದೆ. ‘ಓಹೋ, ಚಿತ್ರ ಬರೀತೀರಾ?’ ಅಂದ. ಅವತ್ತಿಂದ ಎಲ್ಲರ ಬಾಯಲ್ಲೂ ನಾನು ಕಲಾವಿದೆ. ರಕ್ತ, ಹೆಂಡ, ತುಟಿಬಣ್ಣ, ವಾಂತಿ, ಶೂ ಪಾಲಿಶ್, ಎಲ್ಲ ಕಲೆಯೂ ನನಗೆ ಗೊತ್ತು. ಯಾವ ಕೋಣೆಯಲ್ಲಿ ಯಾರು ಏನು ಮಾಡಿದರೆಂದು ಅವರ ಹೆಂಡತಿಯರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಎಲ್ಲಕ್ಕಿಂತ ಹಾಳು ಕಲೆ ಸ್ಪಾದ ಟವೆಲಿನದು. ದಿನಕ್ಕೆ ಇನ್ನೂರು ಟವೆಲ್ ಎಣ್ಣೆ ಕುಡಿದು ಬರುತ್ತಿದ್ದವು. ಆ ಎಣ್ಣೆ ಸೋಪಿಗೆ ಜಗ್ಗುವುದಿಲ್ಲ. ಅದಕ್ಕೊಂದು ನೀಲಿ ನೀರು, ದೊಡ್ಡ ಡಬ್ಬದಲ್ಲಿ ಬರುತ್ತದೆ. ಡಬ್ಬದ ಮೇಲೊಂದು ಚಿತ್ರ: ಒಂದು ಕೈ, ಅದರ ಮೇಲೆ ಹನಿ ಬೀಳುತ್ತಿದೆ, ಬಿದ್ದಲ್ಲಿ ಕೈ ತಿಂದುಹೋಗುತ್ತಿದೆ. ಓದು ಬಾರದವರಿಗೂ ತಿಳಿಯಲಿ ಎಂದು ಬರೆದದ್ದು. ನಮಗೆ ತಿಳಿಯಿತು. ನಮ್ಮ ಸೂಪರ್‌ವೈಸರನಿಗೆ ತಿಳಿಯಲಿಲ್ಲ, ಅವನು ಓದಿದವನು.

ಅವನಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಅಂಗಿಯ ಮೇಲೂ ಮುಖದ ಮೇಲೂ ಒಂದು ಸುಕ್ಕು ಕಂಡವರಿಲ್ಲ. ಐದು ಜನಕ್ಕೆ ಎರಡು ಜೊತೆ ಗ್ಲೌಸ್ ಇದ್ದವು, ಅವೂ ಬೆರಳ ತುದಿಯಲ್ಲಿ ಹರಿದಿದ್ದವು. ಹರಿದ ಗ್ಲೌಸ್ ಹಾಕಿಕೊಂಡರೆ ನೀಲಿ ನೀರು ಒಳಗೇ ನಿಂತು ಇನ್ನೂ ಚೆನ್ನಾಗಿ ಬೇಯಿಸುತ್ತದೆ. ಅದಕ್ಕೇ ಬರಿಗೈಯಲ್ಲಿ ತಿಕ್ಕುತ್ತಿದ್ದೆವು.

‘ಸಾರ್, ಗ್ಲೌಸು?’

‘ಮೇಲೆ ಬರ್ದಿದೀನಿ. ಬರುತ್ತೆ.’

ಎರಡು ವರ್ಷ ಇದೇ ಮಾತು. ಅಷ್ಟರಲ್ಲಿ ಮೇಲೆ ಸ್ಪಾಕ್ಕೆ ಹೊಸ ಕಾರಂಜಿ ಬಂತು, ಹೂಕುಂಡ ಬಂತು, ಗೋಡೆಯೊಳಗಿಂದ ಹಕ್ಕಿ ಕೂಗುವ ಯಂತ್ರ ಬಂತು.

ಮೊದಲು ಕೈ ಒಣಗಿತು. ಆಮೇಲೆ ಕೆರೆತ. ಆಮೇಲೆ ಬೆರಳಿನ ಗೆಣ್ಣುಗಳಲ್ಲಿ ಬಿರುಕು ಬಿಟ್ಟು, ಮುಷ್ಟಿ ಕಟ್ಟಿದರೆ ರಕ್ತ ಜಿನುಗತೊಡಗಿತು. ಅಂಗೈ ಪದರು ಪದರಾಗಿ ಎದ್ದಿತು. ಉಗುರಿನ ಬುಡ ಬಿಟ್ಟುಕೊಂಡಿತು. ಊಟದಲ್ಲಿ ಉಪ್ಪು ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು, ಚಮಚ ಹಿಡಿದೆ. ಅಂಗಡಿಯವನು ಚಿಲ್ಲರೆಯನ್ನು ನನ್ನ ಕೈಗೆ ಹಾಕದೆ ಕಟ್ಟೆಯ ಮೇಲಿಟ್ಟು ತಳ್ಳಿದ. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವಳು ತನ್ನ ಕೈ ಎಳೆದುಕೊಂಡು ಬೀಳುವುದೇ ವಾಸಿ ಅಂದುಕೊಂಡಳು. ಕ್ಯಾಂಟೀನಿನ ಭಟ್ಟ ನನ್ನ ಲೋಟಕ್ಕೆ ಕೆಂಪು ದಾರ ಕಟ್ಟಿಟ್ಟ. ‘ಗುರುತಿಗೆ ಅಷ್ಟೇ ಅಕ್ಕಾ, ತಪ್ಪು ತಿಳ್ಕೋಬೇಡಿ’ ಅಂದ. ತಪ್ಪು ತಿಳಿಯುವುದೇನು ಬಂತು, ಎಲ್ಲ ಸರಿಯಾಗಿಯೇ ತಿಳಿಯಿತು.

ಅಷ್ಟನ್ನೂ ನುಂಗಿಕೊಂಡೆ. ನುಂಗಲಾರದ್ದು ಒಂದೇ. ನನ್ನ ಮಗಳಿಗೆ ಮಗುವಾಯಿತು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಹೋಗಿ ಬಗ್ಗಿ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ನನ್ನ ಅಂಗೈಯ ಸಿಬಿರು ಮಗುವಿನ ಬಟ್ಟೆಗೆ ಸಿಕ್ಕಿಕೊಂಡು ಎಳೆಯಿತು. ಮಗಳು ‘ಅಮ್ಮಾ!’ ಅಂತ ಕಿರುಚಿ ನನ್ನ ಮಣಿಕಟ್ಟು ಹಿಡಿದಳು. ಮಣಿಕಟ್ಟು, ಕೈಯಲ್ಲ.

‘ಬೇಜಾರ್ ಮಾಡ್ಕೋಬೇಡಮ್ಮ. ಎಳೇ ಮಗು. ಕೈ ವಾಸಿ ಆಗ್ಲಿ, ಆಮೇಲೆ ಇಡೀ ದಿನ ನಿನ್ ಹತ್ರನೇ ಬಿಡ್ತೀನಿ.’

ಅವಳ ಮೇಲೆ ನನಗೆ ಕೋಪವಿಲ್ಲ, ತಾಯಿಯಾದವಳು ಇನ್ನೇನು ಅಂದಾಳು? ಆದರೆ ಅವತ್ತಿನಿಂದ ನಾನು ನಾನಾಗಿರಲಿಲ್ಲ, ಸುಳ್ಳು ಹೇಳುವುದಿಲ್ಲ. ನಿದ್ದೆ ಹೋಯಿತು. ಯಾರಾದರೂ ಎದುರು ಬಂದರೆ ಕೈ ತಾನೇ ಬ್ಯಾಗಿನ ಹಿಂದೆ ಹೋಗುತ್ತಿತ್ತು. ಕೆಲಸದ ನಡುವೆ ಬಟ್ಟೆ ಒಣಗಿಸುವ ಕೋಣೆಗೆ ಹೋಗಿ ಯಂತ್ರದ ಸದ್ದಿನಲ್ಲಿ ಅತ್ತು ಬರುತ್ತಿದ್ದೆ. ಅತ್ತಷ್ಟೂ ಕೆರೆತ ಹೆಚ್ಚುತ್ತಿತ್ತು, ಕೆರೆದಷ್ಟೂ ಅಳು. ನನ್ನೊಡನೆ ಟವೆಲ್ ತಿಕ್ಕುವ ಉದ್ದಕ್ಕ ಒಂದು ದಿನ ಅಲ್ಲೇ ಹಿಡಿದಳು. ಹೆಸರಿಗೆ ತಕ್ಕ ಹಾಗೆ ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹೆಂಗಸು. ‘ಅತ್ತು ಅತ್ತು ಸಾಯ್ತೀಯೇನೇ? ನಡಿ ಆಸ್ಪತ್ರೆಗೆ’ ಅಂತ ಎಳೆದುಕೊಂಡೇ ಹೋದಳು.

ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ನನ್ನ ಕೈಯನ್ನು ತನ್ನ ಕೈಯಲ್ಲೇ ಹಿಡಿದು ತಿರುಗಿಸಿ ನೋಡಿದಳು. ಅಷ್ಟು ದಿನಕ್ಕೆ ನನ್ನ ಕೈ ಮುಟ್ಟಿದ ಮೊದಲ ಜೀವ ಅವಳು.

‘ಇದು ಅಂಟೋದಲ್ಲಮ್ಮ. ಆ ನೀಲಿ ನೀರು ತಿಂತಿದೆ ನಿಮ್ ಕೈನ. ಒಂದು ತಿಂಗಳು ಅದನ್ನ ಮುಟ್ದೆ ಇದ್ರೆ ವಾಸಿಯಾಗುತ್ತೆ. ನಿದ್ದೆ ಬರುತ್ತಾ?’

ಆ ಒಂದು ಮಾತಿಗೆ ನಾನು ಹೋ ಎಂದು ಅತ್ತೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

‘ಚರ್ಮ ಕೆಟ್ರೆ ಮನಸ್ಸೂ ಕೆಡುತ್ತೆ. ಮನಸ್ಸು ಕೆಟ್ರೆ ಚರ್ಮ ಇನ್ನೂ ಕೆಡುತ್ತೆ. ಎರಡೂ ಸೇರ್ಕೊಂಡು ನಿಮ್ಮನ್ನ ಆಟ ಆಡಿಸ್ತಿವೆ. ಆದ್ರೆ ಶುರು ಮಾಡಿದ್ದು ಆ ಡಬ್ಬ. ಅದನ್ನ ಬರ್ದು ಕೊಡ್ತೀನಿ, ನಿಮ್ ಯಜಮಾನ್ರಿಗೆ ಕೊಡಿ.’

ಬರೆದುಕೊಟ್ಟಳು. ಗ್ಲೌಸ್ ಇಲ್ಲದೆ ಈ ಕೆಲಸ ಮಾಡಿಸಕೂಡದು, ಒಂದು ತಿಂಗಳು ಬೇರೆ ಕೆಲಸ ಕೊಡಬೇಕು ಎಂದು. ಕಾಗದವನ್ನು ಇಸ್ತ್ರಿಯ ಕೈಗೆ ಕೊಟ್ಟೆ. ಅವನು ಅದರ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ‘ಮೇಲೆ ಕಳಿಸ್ತೀನಿ’ ಅಂದ. ಎರಡು ವಾರ ಕಳೆಯಿತು. ಮೇಲಿನಿಂದ ಗ್ಲೌಸ್ ಬರಲಿಲ್ಲ. ಸ್ಪಾದ ಮೇಡಂ ಬಂದಳು.

ಅವಳಿಗೆ ನಗು ಮೇಡಂ ಎಂದು ಹೆಸರಿಟ್ಟಿದ್ದೆವು, ಬೈಯುವಾಗಲೂ ನಗುತ್ತಾಳೆ. ಬಿಳಿ ಕೋಟು, ಗಾಜಿನಂಥ ಮುಖ. ನಮ್ಮ ಐವರನ್ನೂ ಪಾತ್ರೆ ತೊಳೆಯುವ ಆರು ಜನರನ್ನೂ ಮೀಟಿಂಗ್ ಹಾಲಿಗೆ ಕರೆಸಿದರು. ಎಂಟು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಗಳ ಮೇಲೆ ಕೂತದ್ದು. ಕುರ್ಚಿಯ ಬಿಳಿ ಕವರು ನಾವೇ ತೊಳೆದದ್ದು, ಕೊಳೆಯಾದರೆ ಮತ್ತೆ ನಾವೇ ತೊಳೆಯಬೇಕಲ್ಲ ಎಂದು ತುದಿಯಲ್ಲಿ ಕೂತೆವು.

‘ಎಲ್ರೂ ಕಣ್ಣು ಮುಚ್ಚಿ. ಆಳವಾಗಿ ಉಸಿರು ತಗೊಳ್ಳಿ. ಚರ್ಮ ಅನ್ನೋದು ಮನಸ್ಸಿನ ಕನ್ನಡಿ. ಒಳಗೆ ಕೋಪ ಇದ್ರೆ ಹೊರಗೆ ಬಿರುಕು ಬಿಡುತ್ತೆ. ನಿಮ್ಮ ಚರ್ಮಕ್ಕೆ ಥ್ಯಾಂಕ್ಸ್ ಹೇಳಿ.’

ಉದ್ದಕ್ಕ ಆಗಲೇ ಗೊರಕೆ ಹೊಡೆಯುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದವಳನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚು ಅಂದರೆ ಇನ್ನೇನಾಗುತ್ತದೆ? ಮೇಡಂ ನಕ್ಕು ಎಲ್ಲರನ್ನೂ ಎಬ್ಬಿಸಿ, ಈಗ ಒಬ್ಬರ ಕೈ ಒಬ್ಬರು ಹಿಡಿದು ವೃತ್ತವಾಗಿ ನಿಲ್ಲಿ ಅಂದಳು. ತಾನೂ ಬಂದು ನಿಂತಳು. ಅವಳ ಎಡಗಡೆ ನಾನಿದ್ದೆ. ಕೈ ಚಾಚಿದೆ. ಅವಳು ನೋಡಿದಳು. ನಗು ಹಾಗೇ ಇತ್ತು, ಕೈ ಮಾತ್ರ ಕೋಟಿನ ಜೇಬಿಗೆ ಹೋಯಿತು.

‘ನೀವು ಸುಮ್ನೆ ನಿಂತು ಗಮನಿಸಿ ಅಮ್ಮ. ಗಮನಿಸೋದೂ ಒಂದು ಧ್ಯಾನವೇ.’

ಆಹಾ, ಎಂಥಾ ಮಹಾತಾಯಿ! ಚರ್ಮವನ್ನು ಪ್ರೀತಿಸು ಎಂದು ಊರಿಗೆಲ್ಲ ಹೇಳುವವಳಿಗೆ ನನ್ನ ಚರ್ಮ ಕಂಡರೆ ಹೇಸಿಗೆ.

ಎಲ್ಲರನ್ನೂ ಕಳಿಸಿ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಮೇಡಂ, ಇಸ್ತ್ರಿ, ಮೇಜಿನ ಮೇಲೆ ಅಚ್ಚಾದ ಕಾಗದ.

‘ಯಾರ ಮೇಲಾದ್ರೂ ಕೋಪ ಇಟ್ಕೊಂಡಿದೀರಾ ಅಮ್ಮ? ಮನಸ್ಸು ಬಿಚ್ಚಿ ಹೇಳಿ.’

‘ಇದೆ.’

‘ನೋಡಿದ್ರಾ! ಯಾರ ಮೇಲೆ?’

‘ನಿಮ್ ಮೇಲೆ.’

ಅವಳು ನಕ್ಕು ಏನೋ ಬರೆದುಕೊಂಡಳು. ಇಸ್ತ್ರಿ ಕಾಗದ ಓದಿದ. ‘ನನ್ನ ಚರ್ಮದ ತೊಂದರೆಗೆ ನನ್ನ ಸ್ವಂತ ಮಾನಸಿಕ ಒತ್ತಡವೇ ಕಾರಣ. ನಾನು ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ.’ ಸಹಿ ಹಾಕಿದರೆ ಒಂದು ತಿಂಗಳು ಸಂಬಳದ ರಜೆ, ಸ್ಪಾದಿಂದ ಒಂದು ಡಬ್ಬಿ ಕ್ರೀಮು.

ಒಂದು ತಿಂಗಳು. ಡಾಕ್ಟರಮ್ಮ ಹೇಳಿದ್ದೂ ಅದೇ ಒಂದು ತಿಂಗಳು. ಆಮೇಲೆ ಮಗುವನ್ನು ಎತ್ತಿಕೊಳ್ಳಬಹುದು. ನನ್ನ ಮಾನ ಮರ್ಯಾದೆ ಎಲ್ಲ ಆ ಮಗುವಿನ ಮುಂದೆ ಯಾವ ಲೆಕ್ಕ? ಪೆನ್ನು ಕೈಗೆ ತೆಗೆದುಕೊಂಡೆ. ತೆಗೆದುಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ, ನಾನೇನು ಮಹಾಶೂರಳಲ್ಲ. ಬರೆಯುವ ಮೊದಲು ಒಂದು ಮಾತು ಕೇಳಿದೆ ಅಷ್ಟೇ.

‘ನಾನು ರಜೆ ಹೋದ್ರೆ ಟವೆಲ್ಲೆಲ್ಲ ಯಾರು ತಿಕ್ತಾರೆ?’

‘ಉದ್ದಕ್ಕ ಇದಾಳಲ್ಲ’ ಅಂದ ಇಸ್ತ್ರಿ.

‘ಅವಳ ಕೈಯೂ ಸಿಪ್ಪೆ ಎದ್ದಿದೆ. ಗ್ಲೌಸು?’

‘ಬರುತ್ತೆ.’

‘ಅವರಿಗೂ ಒತ್ತಡ ನಿಭಾಯಿಸೋದು ಹೇಳಿಕೊಡ್ತೀನಿ’ ಅಂದಳು ಮೇಡಂ.

ಅಂದರೆ ಆಮೇಲೆ ಉದ್ದಕ್ಕನ ತಲೆ ಕೆಡುತ್ತದೆ. ಅವಳಾದ ಮೇಲೆ ಮಿಕ್ಕ ಮೂವರದು. ಇಡೀ ಲಾಂಡ್ರಿಗೇ ಹುಚ್ಚು ಹಿಡಿಯುತ್ತದೆ, ಡಬ್ಬ ಮಾತ್ರ ಆರೋಗ್ಯವಾಗಿ ನಿಂತಿರುತ್ತದೆ. ಪೆನ್ನು ಕೆಳಗಿಟ್ಟೆ.

‘ಹಾಕಲ್ಲ.’

ಇಸ್ತ್ರಿಗೆ ಈ ಉತ್ತರಕ್ಕೂ ಏರ್ಪಾಡಿತ್ತು. ಕುರ್ಚಿಯ ಹಿಂದಿನಿಂದ ಮಡಿಸಿದ ಒಂದು ಬೆಡ್‌ಶೀಟ್ ತೆಗೆದು ಮೇಜಿನ ಮೇಲೆ ಬಿಡಿಸಿದ. ನಡುವೆ ಸಾಸಿವೆಯಷ್ಟು ಒಂದು ಕಂದು ಚುಕ್ಕೆ.

‘ಗೆಸ್ಟ್ ಕಂಪ್ಲೇಂಟು. ಕೊನೇಲಿ ಮಡಿಸಿ ನೋಡೋಳು ನೀನು. ಇದು ನಿನ್ ರಕ್ತ. ಸಹಿ ಹಾಕಲ್ಲ ಅಂದ್ರೆ ಇದಕ್ಕೆ ಜವಾಬು ಕೊಡು.’

‘ಛೀ’ ಅಂದಳು ಮೇಡಂ. ಅಷ್ಟು ಹೊತ್ತಿನಲ್ಲಿ ಅವಳ ಬಾಯಿಂದ ಬಂದ ನಿಜವಾದ ಮಾತು ಅದೊಂದೇ.

ರಕ್ತ ನನ್ನದೇ. ಸುಳ್ಳು ಯಾಕೆ ಹೇಳಲಿ? ಆದರೆ ಕಲೆ ತೆಗೆಯುವವಳಿಗೆ ಕಲೆ ತೋರಿಸಿ ಹೆದರಿಸುತ್ತಾನಲ್ಲ, ಅದಕ್ಕೆ ಮೈ ಉರಿಯಿತು. ಬೆಡ್‌ಶೀಟನ್ನು ಎಳೆದುಕೊಂಡೆ. ಚುಕ್ಕೆಯ ಮೇಲೆ ಉಗುಳಿದೆ. ಹೆಬ್ಬೆರಳಲ್ಲಿ ತಿಕ್ಕಿದೆ. ಮತ್ತೆ ಉಗುಳಿದೆ, ಮತ್ತೆ ತಿಕ್ಕಿದೆ. ಹಳೆಯ ಕಲೆ, ಸುಲಭಕ್ಕೆ ಬಿಡಲಿಲ್ಲ. ಮೂರನೇ ಸಲಕ್ಕೆ ಹುಡುಕಿದರೂ ಕಾಣದಷ್ಟು ಹೋಯಿತು. ಬಟ್ಟೆಯನ್ನು ಮೇಡಂ ಕಡೆಗೆ ತಿರುಗಿಸಿದೆ.

‘ನೋಡಿ. ಹೋಯ್ತು.’

ಇಬ್ಬರೂ ಕುರ್ಚಿ ಸಮೇತ ಹಿಂದಕ್ಕೆ ಹೋಗಿದ್ದರು.

‘ಎಂಜಲು!’ ಅಂದ ಇಸ್ತ್ರಿ. ‘ಗೆಸ್ಟ್ ಮಲಗೋ ಬಟ್ಟೆಗೆ ಎಂಜಲು ಹಚ್ತೀಯೇನೇ?’

‘ಹಚ್ಚದೆ ಇನ್ನೇನು ಹಚ್ಚಲಿ ಸಾರ್? ಒಬ್ಬರ ರಕ್ತದ ಕಲೆಗೆ ಅವರ ಎಂಜಲಷ್ಟು ಒಳ್ಳೇ ಮದ್ದು ಇನ್ನೊಂದಿಲ್ಲ. ಹೊಲಿಗೆಯವರನ್ನ ಕೇಳಿ, ಹೇಳ್ತಾರೆ. ಮಡಿಸುವಾಗ ಬೆರಳು ಒಡೆದು ಚುಕ್ಕೆ ಬೀಳುತ್ತೆ. ಮತ್ತೆ ನೀರಿಗೆ ಹಾಕಿದ್ರೆ ನೀವು ಬೈತೀರಿ. ಉಗಿದು ತಿಕ್ಕಿ, ಇಸ್ತ್ರಿ ತಾಗಿಸಿ ಕಳಿಸ್ತೀವಿ. ಇದೊಂದು ಕಣ್ತಪ್ಪಿತು. ಎರಡು ವರ್ಷದಿಂದ ದಿಂಬಿನ ಕವರು, ಟವೆಲ್ಲು, ಮೇಜಿನ ಬಟ್ಟೆ, ಎಲ್ಲದಕ್ಕೂ ನಮ್ಮದೇ. ಮೇಡಮ್ಮೋರ ಕೋಟಿನ ಕಾಲರಿಗೂ ಹೋದ ವಾರ ಒಂದು ಚುಕ್ಕೆ ಬಿದ್ದಿತ್ತು.’

ಮೇಡಂ ನಗು ಅವತ್ತು ಮೊದಲ ಸಲ ನಿಂತಿತು. ಕೋಟನ್ನು ಮೈಗೆ ಸುತ್ತಿದ ಹಾವನ್ನು ಕಿತ್ತೆಸೆದ ಹಾಗೆ ಕಿತ್ತು ನೆಲಕ್ಕೆ ಹಾಕಿ, ಬಾಯಿಗೆ ಕೈ ಒತ್ತಿಕೊಂಡು ಬಾಗಿಲಿಗೆ ಓಡಿದಳು. ಬಾತ್‌ರೂಮಿನಿಂದ ಓಕರಿಸುವ ಸದ್ದು ಕೇಳಿಸಿತು. ಆಳವಾಗಿ ಉಸಿರು ತಗೊಳ್ಳಿ ಮೇಡಂ ಅನ್ನೋಣ ಅನಿಸಿತು, ಬಿಟ್ಟೆ.

ಸಂಜೆಯೊಳಗೆ ನನ್ನ ಕೆಲಸ ಹೋಯಿತು. ಕಾರಣ: ಅಶುಚಿ ವರ್ತನೆ. ಮಾರನೆಯ ದಿನ ಲಾಂಡ್ರಿಗೆ ಗ್ಲೌಸ್ ಬಂದವು, ಎರಡು ದೊಡ್ಡ ಪೆಟ್ಟಿಗೆ. ಗೋಡೆಗೆ ಒಂದು ನೋಟೀಸು ಹಚ್ಚಿದರು: ‘ಬಟ್ಟೆಯ ಮೇಲೆ ಉಗುಳುವುದು ಅಪರಾಧ.’ ಉದ್ದಕ್ಕ ಮನೆಗೆ ಬಂದು ಇದನ್ನು ಹೇಳುತ್ತಾ ನಕ್ಕಳು, ನಗುತ್ತಾ ಅತ್ತಳು. ‘ಎರಡು ವರ್ಷ ರಕ್ತ ಬಂದ್ರೂ ಬರ್ಲಿಲ್ಲ ಕಣೇ. ನಿನ್ ಎಂಜಲಿಗೆ ಒಂದೇ ದಿನಕ್ಕೆ ಬಂತು’ ಅಂದಳು.

ಕೆಲಸ ಹೋದ ಮೇಲಿನ ಒಂದು ತಿಂಗಳು ಹೇಗಿತ್ತೆಂದು ಕೇಳಬೇಡಿ. ಮನೆ ಒಡತಿ ಬಾಡಿಗೆಗಾಗಿ ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹೋದ ಕಡೆಯೆಲ್ಲ ‘ಓ, ಆ ಉಗುಳೋ ಹೆಂಗಸಾ?’ ಅಂದು ಕಳಿಸಿದರು. ಇಷ್ಟು ಚಿಂತೆ ಜನ್ಮದಲ್ಲಿ ಮಾಡಿರಲಿಲ್ಲ. ಆದರೆ ಕೈ ನೋಡಿ! ಮೊದಲ ವಾರ ರಕ್ತ ನಿಂತಿತು. ಎರಡನೇ ವಾರ ಬಿರುಕು ಕೂಡಿತು. ತಿಂಗಳು ತುಂಬುವ ಹೊತ್ತಿಗೆ ಅಂಗೈಯಲ್ಲಿ ಹೊಸ ಚರ್ಮ, ಗುಲಾಬಿ ಬಣ್ಣದ್ದು. ಚರ್ಮ ಮನಸ್ಸಿನ ಕನ್ನಡಿಯಂತೆ! ಆ ಕನ್ನಡಿಯನ್ನು ಅವಳು ಯಾವ ಸಂತೆಯಲ್ಲಿ ಕೊಂಡಿದ್ದಳೋ ಏನೋ.

ಮಗಳ ಮನೆಗೆ ಹೋದೆ. ಅವಳು ನನ್ನ ಅಂಗೈ ಸವರಿ ನೋಡಿ, ಅದನ್ನು ಕೆನ್ನೆಗೆ ಒತ್ತಿಕೊಂಡಳು. ಮಗುವನ್ನು ತಂದು ‘ಎತ್ಕೋ ಅಮ್ಮಾ, ಈಗ ನಿಂದೇ’ ಅಂದಳು. ಮಗು ನನ್ನನ್ನು ನೋಡಿ ಕಾಲು ಬಡಿಯಿತು.

ನನ್ನ ಕೈ ಮುಂದೆ ಹೋಗಲಿಲ್ಲ.

ಎತ್ತಿಕೋ ಅಂತ ನಾನೇ ನನಗೆ ಹೇಳಿಕೊಂಡೆ. ಎರಡು ಸಲ ಚಾಚಿದೆ. ಎರಡೂ ಸಲ ಕೈ ತಾನೇ ತಿರುಗಿ ಬ್ಯಾಗಿನ ಹಿಂದೆ ಹೋಯಿತು. ಮೈಯೆಲ್ಲ ಬೆವತು, ‘ನೀರು ಕುಡೀಬೇಕು’ ಅಂತ ಸುಳ್ಳು ಹೇಳಿ ಅಡಿಗೆಮನೆಗೆ ಹೋಗಿ ನಿಂತೆ. ಮಗಳು ಹಿಂದೆಯೇ ಬಂದು ಬೆನ್ನು ಸವರಿದಳು. ಅವತ್ತು ಮಗುವನ್ನು ಮುಟ್ಟದೆಯೇ ಮನೆಗೆ ಬಂದೆ.

ಅದಾದ ಮೂರನೇ ದಿನ ಹೋಟೆಲಿನಿಂದ ಕರೆ ಬಂತು. ಮ್ಯಾನೇಜರ್ ಸ್ವತಃ ಮಾತಾಡಬೇಕಂತೆ. ಎಂಜಲಿನ ಸುದ್ದಿ ಹೇಗೋ ಹೊರಗೆ ಹೋಗಿತ್ತು, ಬರುವ ಗೆಸ್ಟುಗಳೆಲ್ಲ ಮೊದಲು ಬೆಡ್‌ಶೀಟ್ ಮೂಸಿ ನೋಡುತ್ತಿದ್ದರಂತೆ, ಕೆಲವರು ತಮ್ಮ ಹಾಸಿಗೆ ಬಟ್ಟೆ ತಾವೇ ಹೊತ್ತು ತರುತ್ತಿದ್ದರಂತೆ. ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮ್ಯಾನೇಜರ್ ನನಗೆ ಕುರ್ಚಿ ಕೊಟ್ಟ. ಪಕ್ಕದಲ್ಲಿ ಇಸ್ತ್ರಿ ನಿಂತಿದ್ದ, ಅವನಿಗೆ ಕುರ್ಚಿ ಇರಲಿಲ್ಲ. ಮೇಜಿನ ಮೇಲೆ ಮತ್ತೆ ಅಚ್ಚಾದ ಕಾಗದ. ಇವರಿಗೆ ಕಾಗದಕ್ಕೇನೂ ಬರವಿಲ್ಲ.

‘ಅರೆ, ಕೈ ಎಷ್ಟು ಚೆನ್ನಾಗಾಗಿದೆ!’ ಅಂದ. ‘ನೋಡಿದ್ರಾ, ಮನಸ್ಸಿಗೆ ರೆಸ್ಟ್ ಸಿಕ್ಕಿತು, ಚರ್ಮ ತಾನೇ ಸರಿಹೋಯ್ತು.’

‘ರೆಸ್ಟಾ? ಊಟಕ್ಕಿಲ್ಲದೆ ಕೂತಿದ್ದೆ ಸಾರ್. ನಿಮ್ ಮೇಡಮ್ಮು ಹೇಳಿದ್ದು ನಿಜ ಆಗಿದ್ರೆ ಇಷ್ಟೊತ್ತಿಗೆ ನಾನು ಪೂರ್ತಿ ಕೊಳೆತು ಹೋಗ್ಬೇಕಿತ್ತು.’

ಅವನು ಕೆಮ್ಮಿ ಕಾಗದ ಮುಂದೆ ತಳ್ಳಿದ. ‘ನಾನು ಬಟ್ಟೆಗಳಿಗೆ ಎಂದೂ ಎಂಜಲು ಹಚ್ಚಿಲ್ಲ. ಮಾನಸಿಕ ಅಸ್ವಸ್ಥತೆಯಿಂದ ಹಾಗೆ ಸುಳ್ಳು ಹೇಳಿದೆ.’ ಸಹಿ ಹಾಕಿದರೆ ಕೆಲಸ ವಾಪಸ್ಸು. ನೀಲಿ ನೀರಿನ ಹತ್ತಿರ ಸುಳಿಯುವುದು ಬೇಡ, ಮಡಿಸುವ ಕೆಲಸ ಮಾತ್ರ. ಹೋದ ತಿಂಗಳ ಸಂಬಳವೂ ಕೈಗೆ ಬರುತ್ತದೆ. ಮನೆಯ ಬಾಗಿಲಲ್ಲಿ ನಿಲ್ಲುವವಳ ಮುಖ ಕಣ್ಣ ಮುಂದೆ ಬಂತು. ಇಲ್ಲ ಅನ್ನುವುದು ಸುಲಭವಿರಲಿಲ್ಲ.

‘ನನ್ ಮನಸ್ಸು ಕೆಟ್ಟಿದೆ ಸಾರ್, ಅದು ನಿಜ’ ಅಂದೆ. ‘ಮೊಮ್ಮಗೂನ ಎತ್ಕೊಳ್ಳೋಕೆ ಹೋದ್ರೆ ಕೈ ವಾಪಸ್ ಬರುತ್ತೆ. ಚರ್ಮ ಬಂತು, ಧೈರ್ಯ ಬರ್ಲಿಲ್ಲ. ಅದನ್ನ ಬರೀರಿ. ನೀಲಿ ನೀರು ಕೈ ತಿಂತು, ಕೈಯಿಂದ ಮನಸ್ಸು ಹಾಳಾಯ್ತು, ನಾವೇ ಕಾರಣ ಅಂತ ನಿಮ್ ಕೈಯಾರೆ ಬರೀರಿ. ಅದರ ಕೆಳಗೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ.’

‘ಅದೆಲ್ಲ ಆಗಲ್ಲಮ್ಮ.’

‘ಹಾಗಾದ್ರೆ ಇದೂ ಆಗಲ್ಲ. ಆ ಡಾಕ್ಟರಮ್ಮನ ಹತ್ರ ಇನ್ನೊಂದು ಕಾಗದ ಬರೆಸ್ಕೊಂಡಿದೀನಿ. ಲೇಬರ್ ಆಫೀಸಿಗೆ ಕೊಡ್ತೀನಿ. ಉದ್ದಕ್ಕನೂ ಮಿಕ್ಕವರೂ ಅಲ್ಲಿಗೇ ಬರ್ತಾರೆ, ಕೈ ತೋರಿಸೋಕೆ.’

ಇಸ್ತ್ರಿಯ ಮುಖದಲ್ಲಿ ಸುಕ್ಕು ಕಂಡಿತು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ನನ್ನ ಬೆರಳಿಗೆ ತಾಗುವಷ್ಟು ಹತ್ತಿರ ಇಟ್ಟ.

‘ಹಟ ಮಾಡಬೇಡಿ. ಉಗುಳಿಲ್ಲ ಅಂತ ಒಂದೇ ಒಂದು ಮಾತು. ಅಷ್ಟು ಸಾಕು.’

ನಾನು ಎದ್ದು ನಿಂತೆ.

‘ಉಗುಳಿದ್ದನ್ನ ನೆಕ್ಕೋ ಅಭ್ಯಾಸ ನಿಮಗಿರಬಹುದು ಸಾರ್. ನನಗಿಲ್ಲ.’